ಹೊತ್ತಿಗೆ ಮುಟ್ಟಿದ ಸುದ್ದಿ

ಎಂಬತ್ತರ ದಶಕದ ನಡುವೆ ನಾನು ಎಂ.ಬಿ.ಎ. ಓದುತ್ತಿದ್ದೆ. ಎರಡನೇ ವರ್ಷಕ್ಕೆ ಮ್ಯಾನೇಜ್‌ಮೆಂಟ್ ಇನ್‌ಫರ್ಮೇಶನ್ ಸಿಸ್ಟಮ್ಸ್ ಎಂಬ ಹೊಸ ವಿಷಯ ಬಂದಿತ್ತು. ಹೊಸದು ಅಂದರೆ ಮೇಷ್ಟ್ರಿಗೂ ಹೊಸದೇ. ಬೋರ್ಡಿನ ತುಂಬ ಚೌಕ ಬರೆದು, ಚೌಕದಿಂದ ಚೌಕಕ್ಕೆ ಬಾಣ ಎಳೆದು, ಕೈಯಲ್ಲಿದ್ದ ಸೀಮೆಸುಣ್ಣ ಸವೆದಾಗ ಪಾಠ ಮುಗಿಯಿತು ಎನ್ನುತ್ತಿದ್ದರು. ಕಂಪ್ಯೂಟರನ್ನು ನಾವು ಕಣ್ಣಾರೆ ಕಂಡದ್ದು ಒಂದೇ ಸಲ. ಚಪ್ಪಲಿ ಹೊರಗೆ ಬಿಟ್ಟು, ತಣ್ಣನೆಯ ಕೋಣೆಯಲ್ಲಿ ಕೈಕಟ್ಟಿ ನಿಂತು ನೋಡಿ ಬಂದಿದ್ದೆವು.

ರಜೆಯಲ್ಲಿ ತೀರ್ಥಹಳ್ಳಿಯ ಮನೆಗೆ ಹೋದಾಗ ಇದನ್ನು ಅಪ್ಪಯ್ಯನಿಗೆ ಹೇಳಿದೆ. ಅಪ್ಪಯ್ಯ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್. ಯಂತ್ರಗಳ ವಿಷಯದಲ್ಲಿ ತಮಗೂ ಒಂದು ಮಾತು ಹೇಳುವ ಹಕ್ಕಿದೆ ಎಂದು ನಂಬಿದವರು.

“ಚಪ್ಪಲಿ ಬಿಟ್ಟು ಒಳಗೆ ಹೋದ್ರಾ? ಮಂಗಳಾರತಿ ಕೊಟ್ರಾ ಇಲ್ವಾ?” ಎಂದು ನಕ್ಕರು. “ಅಲ್ಲ, ಅದರಲ್ಲಿ ಎಂತ ಓದ್ತೀಯೆ ನೀನು?”

“ಸರಿಯಾದ ಸುದ್ದಿನ, ಸರಿಯಾದ ಹೊತ್ತಿಗೆ, ಸರಿಯಾದವರಿಗೆ ಮುಟ್ಸೋದು ಹೆಂಗೆ ಅಂತ.”

“ಅದಕ್ಕೆ ಎರಡು ವರ್ಷ ಓದ್ಬೇಕಾ ಮಾರಾಯ್ತಿ? ಬಸ್ ಕಂಡಕ್ಟರ್ ಹತ್ರ ಹೇಳಿ ಕಳ್ಸಿದ್ರೆ ಆಗ್ತದಲ್ಲ!”

ನನಗೆ ಸಿಟ್ಟು ಬಂತು. ಆದರೆ ಅದೇ ಸಂಜೆ ಮನೆಗೆ ಬಂದವರ ಮುಂದೆ ಅಪ್ಪಯ್ಯ ನಾನು ಹೇಳಿದ ಮೂರು ‘ಸರಿ’ಗಳನ್ನೂ ಒಂದು ಬಿಡದೆ ಒಪ್ಪಿಸುತ್ತಿದ್ದರು. ಬಂದವರು ತಲೆಬುಡ ತಿಳಿಯದಿದ್ದರೂ ತಲೆ ಆಡಿಸುತ್ತಿದ್ದರು.

ಓದಿನ ಕೊನೆಗೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಸಾಗರದಲ್ಲಿ ಅಡಿಕೆ ಮಾರಿಕೊಡುವ ಒಂದು ಸಹಕಾರ ಸಂಘವನ್ನು ಆರಿಸಿಕೊಂಡೆ. ಸಾಗರದಲ್ಲಿ ಆದ ದಿನದ ಧಾರಣೆ ಹೊಸನಗರಕ್ಕೆ, ತೀರ್ಥಹಳ್ಳಿಗೆ ಹೇಗೆ ಮುಟ್ಟುತ್ತದೆ, ದಾರಿಯಲ್ಲಿ ಎಲ್ಲಿ ತಡವಾಗುತ್ತದೆ, ಎಲ್ಲಿ ಬದಲಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಉಳಿದುಕೊಂಡದ್ದು ಅಮ್ಮನ ಅಣ್ಣನ ಮನೆಯಲ್ಲಿ. ಮಾವನಿಗೆ ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ಪಾತ್ರೆ ಅಂಗಡಿ. ನಾನು ಹಾಳೆಯ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮೂರು ಚೌಕ ಬರೆದು ನಡುವೆ ಬಾಣ ಎಳೆದಿದ್ದೆ. ಬಾಣ ಅಂದರೆ ಬಸ್ಸು. ಅಪ್ಪಯ್ಯ ಹೇಳಿದ್ದೇ ನಿಜವಾಯಿತಲ್ಲ ಎಂದು ಒಬ್ಬಳೇ ನಕ್ಕಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ನಮ್ಮಲ್ಲಿ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಎಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅಜ್ಜಿ ತೀರಿಕೊಂಡಾಗ ನಮ್ಮ ಮನೆಗೆ ಬಂದವನು, “ಕಾಯಿಲೆ ಸ್ವಲ್ಪ ಜೋರಾಗಿದೆ, ಮಾತಾಡ್ತಾ ಇದಾರೆ, ಬಂದು ಹೋಗ್ಬೇಕಂತೆ” ಎಂದಿದ್ದ. ಅವನು ಮಾತು ಮುಗಿಸುವ ಮೊದಲೇ ಅಮ್ಮ ಗೋಡೆಗೆ ಒರಗಿ ಅಳತೊಡಗಿದ್ದಳು. ಹೇಳುವವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ದೂರದ ದಾರಿ ಬರುವವರ ಎದೆ ಒಡೆಯಬಾರದು ಎಂಬ ಕನಿಕರ ಅದು. ಇನ್ನೊಂದು ಕನಿಕರವೂ ಉಂಟು. ಸತ್ತವರ ಮಕ್ಕಳಿಗೆ ವಿಷಯ ತಿಳಿಸುವ ಮೊದಲು ಹೊಟ್ಟೆ ತುಂಬ ಊಟ ಹಾಕುತ್ತಾರೆ. ತಿಳಿದ ಮೇಲೆ ಅನ್ನ ಇಳಿಯುವುದಿಲ್ಲವಲ್ಲ.

ಆ ದಿನ ಮಾವ ಎಂದೂ ಇಲ್ಲದೆ ಬೆಳಗಿನ ಹೊತ್ತೇ ಅಂಗಡಿ ಬಿಟ್ಟು ಮನೆಗೆ ಬಂದರು.

“ಅಪ್ಪಯ್ಯಂಗೆ ಸ್ವಲ್ಪ ಹುಷಾರಿಲ್ಲಂತೆ. ಊಟ ಮುಗ್ಸಿ ಹೋಗಿ ಬರಾಣ.”

“ಈಗ್ಲೇ ಬಸ್ಸಿದೆಯಲ್ಲ ಮಾವ, ಹೋಗ್ತೀನಿ.”

“ಬೇಡ. ಜೋಗದಿಂದ ನಿನ್ ಚಿಕ್ಕಮ್ಮನೂ ಬರ್ಲಿ. ಟ್ಯಾಕ್ಸಿಗೆ ಹೇಳಿದೀನಿ, ಒಟ್ಟಿಗೇ ಹೋಗಾಣ.”

ಬರೀ ಹುಷಾರಿಲ್ಲದ್ದಕ್ಕೆ ಜೋಗದಿಂದ ಚಿಕ್ಕಮ್ಮ ಯಾಕೆ? ಮಾವ ಎದುರಿಗೇ ಕೂತು, “ಇನ್ನೊಂದು ಸ್ವಲ್ಪ ಹಾಕ್ಕೋ” ಎಂದು ಅನ್ನ ಹಾಕಿಸಿದರು, ಮೊಸರು ಹಾಕಿಸಿದರು. ನಾನು ಉಂಡೆ. ಆ ಮೊಸರಿನ ಹುಳಿ ಈಗಲೂ ಬಾಯಿಗೆ ಬರುತ್ತದೆ.

ಜೋಗದ ಬಸ್ಸು ತಡವಾಗಿ ಬಂತು. ಚಿಕ್ಕಮ್ಮ ನನ್ನ ಮುಖ ನೋಡದೆ ಟ್ಯಾಕ್ಸಿಯಲ್ಲಿ ಕೂತಳು. ಹೊಸನಗರದಲ್ಲಿ ಗಾಡಿ ನಿಲ್ಲಿಸಿ ಮಾವ ಇಳಿದು ಹೋದರು. ಬರುವಾಗ ಕೈಯಲ್ಲಿ ಬಾಳೆಎಲೆಯ ದೊಡ್ಡ ಪೊಟ್ಟಣ, ಕಂಕುಳಲ್ಲಿ ಒಂದು ಹೊಸ ಬಿಳಿ ಪಂಚೆ. ಎಲೆಯ ಅಂಚಿನಿಂದ ಸೇವಂತಿಗೆಯ ಹಾರ ಇಣುಕುತ್ತಿತ್ತು.

ನಾನು ಕೂಗಿಕೊಂಡೆ. ಚಿಕ್ಕಮ್ಮ ತಬ್ಬಿಕೊಂಡಳು. ಹೊಸನಗರದಿಂದ ತೀರ್ಥಹಳ್ಳಿಯವರೆಗೂ ಅಪ್ಪಯ್ಯ ಸತ್ತರೆಂದು ಅತ್ತೆ. ಮಂಗಳಾರತಿ ಕೊಟ್ರಾ ಎಂದು ನನ್ನನ್ನು ಛೇಡಿಸಿದ್ದನ್ನು ನೆನೆದು ಅತ್ತೆ, ಇನ್ನು ಟೈಪ್ ಮಾಡದ ಆ ಬೆರಳುಗಳನ್ನು ನೆನೆದು ಅತ್ತೆ.

ಟ್ಯಾಕ್ಸಿ ಮನೆಯ ಮುಂದೆ ನಿಂತಾಗ ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಓಡಿ ಬಂದು, “ಇಲ್ಲಿ ಯಾಕ್ ಬಂದ್ರಿ? ಎಲ್ಲ ಆಸ್ಪತ್ರೇಲಿದಾರೆ” ಎಂದಳು. ಮಾವ ಡ್ರೈವರನ ಭುಜ ಹಿಡಿದು ಅಲುಗಿಸಿದ್ದು ನನಗೆ ನೆನಪಿದೆ. “ಬೇಗ ತಗೊಳ್ಳೋ, ಬೇಗ” ಎನ್ನುತ್ತಿದ್ದರು. ಇಡೀ ದಿನದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಆಗಲೇ.

ದೀಪ ಹಚ್ಚುವ ಹೊತ್ತು. ಅಮ್ಮ ಮಂಚದ ಪಕ್ಕದಲ್ಲಿ ನಿಂತಿದ್ದಳು. ಅಪ್ಪಯ್ಯನ ಮುಖದ ಮೇಲೆ ಆಗಷ್ಟೇ ಹೊದಿಕೆ ಎಳೆದಿದ್ದರು. ನಾನು ಪಾದ ಮುಟ್ಟಿದೆ. ಬೆಚ್ಚಗಿತ್ತು.

“ಇಷ್ಟು ಹೊತ್ತು ಎಲ್ಲಿದ್ರಿ?” ಅಮ್ಮ ಕೇಳಿದಳು. “ಮಧ್ಯಾಹ್ನ ಎದ್ದು ಗಂಜಿ ಕುಡಿದ್ರು. ಬಸ್ಸಿನ ಸದ್ದಾದಾಗೆಲ್ಲ ‘ಬಂದ್ಲಾ’ ಅಂತ ಕೇಳ್ತಿದ್ರು.”

ಮಾವ ಹಾರದ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದರು. ಹಿಂದಿನ ದಿನದ ಗಾಳಿಗೆ ತೀರ್ಥಹಳ್ಳಿಯ ಫೋನಿನ ಲೈನ್ ಕೆಟ್ಟಿತ್ತು. ಅಮ್ಮ ಮೊದಲ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದ್ದಳು. ಅವನು ಮಾವನ ಅಂಗಡಿಗೇ ಹೋಗಿ ಒಂದಕ್ಷರ ಬಿಡದೆ ಮುಟ್ಟಿಸಿದ್ದ: ಜೋರಾಗಿದೆ, ಮಾತಾಡ್ತಾ ಇದಾರೆ, ಮಗಳನ್ನ ಕೇಳ್ತಿದಾರೆ, ಬೇಗ ಬರ್ಬೇಕಂತೆ. ಅಷ್ಟೂ ನಿಜವಾಗಿತ್ತು.

“ಎಲ್ರೂ ಹಂಗೇ ಹೇಳ್ತಾರಲ್ಲೇ” ಎಂದು ಮಾವ ಕೊನೆಗೆ ಗೋಡೆಗೆ ಹಣೆ ಹಚ್ಚಿ ಅತ್ತರು. “ಯಾರು ಬದುಕಿದ್ದಾಗ ಹಂಗೆ ಹೇಳಿ ಕಳ್ಸಿದಾರೆ? ಭಾವ ಹೋದ್ರು ಅಂದ್ಕೊಂಡೆ. ಕೂಸು ಉಂಡು ಹೋಗ್ಲಿ ಅಂದ್ಕೊಂಡೆ.”

ನನಗೆ ಅವರ ಮೇಲೆ ಸಿಟ್ಟು ಬಂತು, ಸುಳ್ಳು ಹೇಳಲಾರೆ. ಆದರೆ ಮಾವನ ಜಾಗದಲ್ಲಿ ನಮ್ಮ ಕಡೆಯ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಸಿಟ್ಟು ಮಾಡಲು ಒಬ್ಬ ಮನುಷ್ಯ ಸಿಗದ ದುಃಖ ದೊಡ್ಡದು. ಮೇಷ್ಟ್ರ ಬಾಣಗಳೆಲ್ಲ ಸರಿಯಾಗಿಯೇ ಮುಟ್ಟಿದ್ದವು. ಮುಟ್ಟಿದ್ದನ್ನು ನಂಬದಿದ್ದರೆ ಏನು ಮಾಡಬೇಕೆಂದು ಅವರು ಎಲ್ಲೂ ಬರೆದಿರಲಿಲ್ಲ.

ಹೊಸನಗರದ ಹಾರವನ್ನೇ ಅಪ್ಪಯ್ಯನಿಗೆ ಹಾಕಿದೆವು. ಬೇರೆ ತರುವಷ್ಟು ಚೈತನ್ಯ ಯಾರಿಗೂ ಇರಲಿಲ್ಲ.

ಎಷ್ಟೋ ದಿನಗಳ ಮೇಲೆ ಅಮ್ಮ ಇನ್ನೊಂದು ಮಾತು ಹೇಳಿದಳು. ಆ ಮಧ್ಯಾಹ್ನ ನರ್ಸು ಬಂದು, “ಮಗಳಿಗೆ ಸುದ್ದಿ ಮುಟ್ಟಿದ್ಯೋ ಇಲ್ವೋ” ಅಂದಳಂತೆ. ಅಪ್ಪಯ್ಯ ದಿಂಬಿನಿಂದ ತಲೆ ಎತ್ತಿ ನಕ್ಕರಂತೆ.

“ಮುಟ್ಟಿರ್ತದೆ, ಬತ್ತಾಳೆ. ಅವಳು ಓದ್ತಿರೋದೇ ಅದನ್ನ.”