ಏಳು ಸಾವಿರದ ಒಂಬೈನೂರು ಕಿಲೋಮೀಟರ್

ವಿಮಾನ ಕಂಪನಿಯ ಆ ಕಚೇರಿಯಲ್ಲಿ ಎಲ್ಲರೂ ಅವರನ್ನು ಗೆರೆಯಮ್ಮ ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ಬರುವ ಮೊದಲು ಕಾಗದದ ನಕ್ಷೆಯ ಮೇಲೆ ಪೆನ್ಸಿಲಿನಿಂದ ವಿಮಾನದ ದಾರಿ ಎಳೆದವರಲ್ಲಿ ಇನ್ನೂ ಕೆಲಸದಲ್ಲಿ ಉಳಿದವರು ಅವರೊಬ್ಬರೇ. ಸಮುದ್ರದಾಚೆಯ ಮಹಾನಗರಕ್ಕೆ ಏಳು ಸಾವಿರದ ಒಂಬೈನೂರು ಕಿಲೋಮೀಟರ್. ಟಿಕೆಟ್ಟಿನಲ್ಲಿ ಹತ್ತು ಗಂಟೆಯ ಪಯಣ ಎಂದು ಅಚ್ಚಾಗಿರುತ್ತಿತ್ತು. "ಟಿಕೆಟ್ಟಿಗೇನು, ಅದಕ್ಕೆ ಗಾಳಿ ತಾಗಲ್ವಲ್ಲ" ಎಂದು ಗೆರೆಯಮ್ಮ ನಗುತ್ತಿದ್ದರು.

ಆ ದಿನ ಬೆಳಿಗ್ಗೆ ಮಾತ್ರ ನಗು ಬರಲಿಲ್ಲ. ಹವಾಮಾನದ ವರದಿಯನ್ನು ಎರಡು ಸಲ ಓದಿದರು. ದಾರಿಯುದ್ದಕ್ಕೂ ಎದುರುಗಾಳಿ, ಹತ್ತು ಗಂಟೆ ಹನ್ನೊಂದೂಕಾಲು ಆಗುವುದು ಖಂಡಿತ. ಮೇಲಾಗಿ, ಇಳಿಯುವ ಊರಿನಲ್ಲಿ ಮಂಜು ಕವಿಯುವ ಸೂಚನೆ. ವಿಮಾನಕ್ಕೆ ತುಂಬಬೇಕಾದ ಇಂಧನದ ಹಾಳೆಯಲ್ಲಿ ಗಾಳಿಗೆಂದು ಬೇಕಾದಷ್ಟು ಬರೆದು, ಮಂಜಿಗೆಂದು ಇನ್ನೂ ನಾಲ್ಕು ಟನ್ ಸೇರಿಸಿದರು.

ಮ್ಯಾನೇಜರ್ ಹಾಳೆಯ ಮೇಲೆ ಕಣ್ಣಾಡಿಸಿದ. "ಸರಕು ಆಗ್ಲೇ ಏರಿಸಿಯಾಗಿದೆ, ಇನ್ನು ತೂಕ ತಡೆಯಲ್ಲ. ಆ ನಾಲ್ಕು ಟನ್ ತೆಗೀರಿ."

"ಮಂಜು ಬಂದ್ರೆ ಸಾರ್?"

"ಬಂದ್ರೆ ತಾನೇ! ನೀವೊಬ್ರು, ಯಾವಾಗ್ಲೂ ಗುಮ್ಮ ತೋರಿಸ್ತೀರಿ."

ನಿವೃತ್ತಿಗೆ ಉಳಿದದ್ದು ಎಂಟು ತಿಂಗಳು. ಗೆರೆಯಮ್ಮ ಅಂಕಿ ತಿದ್ದಿ ಸಹಿ ಹಾಕಿದರು. ಹೊರಡುವ ಮುನ್ನ ಪೈಲಟ್ ಫೋನ್ ಮಾಡಿದ. "ಇಂಧನ ಕಡಿಮೆ ಅನ್ನಿಸ್ತಿದೆ ಅಮ್ಮಾ. ಆದ್ರೂ ನೀವು ಹಾಕಿದ್ದೀರಿ ಅಂದ್ರೆ ಸರಿಯಾಗೇ ಇರುತ್ತೆ ಬಿಡಿ." "ಹೋಗಿ ಬಾಪ್ಪ" ಎಂದು ಅವರು ಫೋನ್ ಇಟ್ಟರು.

ಏಳು ಗಂಟೆಗೆ ವಿಮಾನ ಏರಿತು. ಪರದೆಯ ಮೇಲಿನ ಚುಕ್ಕೆ ಇರುವೆಗಿಂತ ನಿಧಾನವಾಗಿ ಸಮುದ್ರ ದಾಟತೊಡಗಿತು. ನಾಲ್ಕನೆಯ ಗಂಟೆಗೆ ಅವರ ಲೆಕ್ಕಕ್ಕಿಂತ ಹತ್ತು ನಿಮಿಷ ಹಿಂದೆ. ಎಂಟನೆಯ ಗಂಟೆಗೆ ಇಪ್ಪತ್ತು. ಊಟದ ಡಬ್ಬಿಯನ್ನು ಅವರು ತೆರೆಯಲೇ ಇಲ್ಲ. ಸಂಜೆ ಆರರ ಹೊತ್ತಿಗೆ ಆ ನಗರದಿಂದ ಸುದ್ದಿ ಬಂತು: ರನ್‌ವೇ ಕಾಣುತ್ತಿಲ್ಲ. ಪಕ್ಕದ ಊರಿನ ನಿಲ್ದಾಣಕ್ಕೂ ಮಂಜು ಮುಸುಕಿತ್ತು. ಚುಕ್ಕೆ ಒಂದು ಸುತ್ತು ಹಾಕಿತು. ಮತ್ತೊಂದು. ಮ್ಯಾನೇಜರ್ ಕೂಡ ಎದ್ದು ಬಂದು ಅವರ ಕುರ್ಚಿಯ ಹಿಂದೆ ನಿಂತ.

ಮೂರನೆಯ ಪ್ರಯತ್ನದಲ್ಲಿ ವಿಮಾನ ಇಳಿಯಿತು. ಒಳಗಿದ್ದವರು ಇನ್ನೂರ ಅರವತ್ತು ಜನ. ಟ್ಯಾಂಕಿನಲ್ಲಿ ಉಳಿದದ್ದು ಹನ್ನೊಂದು ನಿಮಿಷದ ಇಂಧನ.

"ಇಳೀತಲ್ಲ, ಇನ್ನೇನು?" ಎಂದು ಮ್ಯಾನೇಜರ್ ಹಣೆ ಒರೆಸಿಕೊಂಡ.

ಆಮೇಲೆ ಪೈಲಟ್ ಫೋನ್ ಮಾಡಿ ಕೇಳಿದ. "ಇಷ್ಟು ಸಾಕು ಅಂತ ನಿಮಗೆ ನಿಜವಾಗ್ಲೂ ಅನ್ನಿಸಿತ್ತಾ ಅಮ್ಮಾ?"

"ಇಲ್ಲಪ್ಪ."

ಅವನು ಫೋನ್ ಇಟ್ಟುಬಿಟ್ಟ. ಮುಂದೆಂದೂ ಅವರೊಡನೆ ಮಾತಾಡಲಿಲ್ಲ.

ಮರುದಿನ ಗೆರೆಯಮ್ಮ ನಡೆದದ್ದನ್ನೆಲ್ಲ ಬರೆದುಕೊಟ್ಟರು. ಮೊದಲ ಸಾಲಿನಲ್ಲೇ ತಮ್ಮ ತಪ್ಪನ್ನು ಬರೆದರು. ವಿಚಾರಣೆ ಎರಡೇ ದಿನಕ್ಕೆ ಮುಗಿಯಿತು. ಅವರನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಮ್ಯಾನೇಜರ್‌ಗೆ ಬಡ್ತಿ ಸಿಕ್ಕಿತು.

ತಿಂಗಳಾದ ಮೇಲೆ, ತಮ್ಮ ಜಾಗಕ್ಕೆ ಬಂದ ಹುಡುಗಿ ಊಟಕ್ಕೆ ಕೂತಿದ್ದಾಗ ಅವರು ಮೆಲ್ಲಗೆ ಕೇಳಿದರು.

"ಇವತ್ತು ಅಲ್ಲಿ ಮಂಜಿದೆಯೇನಮ್ಮ?"

"ಇದೆ ಅಂತಿದ್ರು ಅಮ್ಮಾ."

"ಎಷ್ಟು ಹೆಚ್ಚಿಗೆ ಹಾಕಿದೆ?"

ಹುಡುಗಿ ಅರ್ಧ ಊಟದಲ್ಲೇ ಡಬ್ಬಿ ಮುಚ್ಚಿ, ಚುಕ್ಕೆ ಎಲ್ಲಿದೆಯೆಂದು ನೋಡಲು ಪರದೆಯತ್ತ ಎದ್ದುಹೋದಳು.