ಉದ್ದ ತೋಳಿನ ಕೋಟು

ನಮ್ಮ ದೊಡ್ಡಮ್ಮ ಯಾರಿಗೂ ಸೊಪ್ಪು ಹಾಕುವವಳಲ್ಲ. ಹುಚ್ಚಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಆಯಸ್ಸು ಸವೆಸಿದವಳು. ಅಲ್ಲಿನ ದೊಡ್ಡ ಡಾಕ್ಟರು ಪ್ಯಾಂಟು ಬಿಗಿಯಾಯಿತೆಂದು ತಂದಾಗ, ಹೊಟ್ಟೆ ಇಳಿಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದ್ದಳಂತೆ. ಅಂಥವಳು ಮಗಳ ವಿಷಯದಲ್ಲಿ ಮಾತ್ರ ಹೆದರಿ ಮುದ್ದೆಯಾಗಿದ್ದಳು.

ಮಗಳೆಂದರೆ ನಮ್ಮ ಅಕ್ಕ. ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ಕೆಲಸ ಬಿಟ್ಟು ಮನೆ ಸೇರಿದ್ದಳು. ಗೋಡೆಯೊಳಗಿಂದ ಯಾರೋ ಬೈಯುತ್ತಾರೆ, ಊಟದಲ್ಲಿ ವಿಷ ಬೆರೆಸುತ್ತಾರೆ ಎನ್ನುತ್ತಿದ್ದಳು. ತಿನ್ನುವುದು ನಿಂತೇಹೋಗಿತ್ತು. ಹೀಗೇ ಬಿಟ್ಟರೆ ಅವಳು ಉಳಿಯುವುದಿಲ್ಲ, ನಿನ್ನ ಆಸ್ಪತ್ರೆಗೇ ಸೇರಿಸೋಣ ಎಂದು ನಾನು ದಿನಾ ಬಾಯಿ ಬಡಿದುಕೊಂಡೆ. ದೊಡ್ಡಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ನೆಂಟರಿಗೆಲ್ಲ ಕಾಮಾಲೆ ಎಂದು ಸುಳ್ಳು ಹೇಳಿ ಬಾಗಿಲು ಹಾಕಿಕೊಂಡಳು.

ಅವಳ ಭಯಕ್ಕೆ ಕಾರಣವಿತ್ತು. ಹೊಲಿಗೆ ಕೋಣೆ ಇದ್ದದ್ದು ಆಸ್ಪತ್ರೆಯ ಗೇಟಿನ ಪಕ್ಕ. ವಾರ್ಡಿನೊಳಗೆ ಅವಳು ಕಾಲಿಟ್ಟವಳೇ ಅಲ್ಲ. ಒಳಗಿನದೆಲ್ಲ ಅವಳಿಗೆ ತಿಳಿದದ್ದು ಹೊಲಿಯಲು ಬಂದ ಬಟ್ಟೆಯಿಂದ. ಮೊದಮೊದಲು ಬರೀ ಕ್ಯಾನ್ವಾಸ್ ಕೋಟುಗಳು. ತೋಳು ಮೊಣಕಾಲಿನವರೆಗೆ ಉದ್ದ. ತುದಿಯನ್ನು ಮುಚ್ಚಿ ಹೊಲಿದು ಪಟ್ಟಿ ಜೋಡಿಸಬೇಕು. ಅದನ್ನು ತೊಡಿಸಿ ರೋಗಿಯ ಕೈಗಳನ್ನು ಬೆನ್ನಿಗೆ ಕಟ್ಟುತ್ತಿದ್ದರು. ರಿಪೇರಿಗೆ ಬಂದ ಕೋಟುಗಳ ಒಳಮೈಯಲ್ಲಿ ರಕ್ತ ಒಣಗಿರುತ್ತಿತ್ತು. ಹೊಸ ಮಾತ್ರೆಗಳು ಬಂದ ಮೇಲೆ ಕೋಟು ಕಡಿಮೆಯಾದವು, ಆಮೇಲೆ ನಿಂತೇಹೋದವು. ಕಿಟಕಿಯ ಪರದೆ, ದಿಂಬಿನ ಚೀಲ ಹೊಲಿಯಲು ಹೇಳಿದರು. ದೊಡ್ಡಮ್ಮ ನಂಬಬೇಕಲ್ಲ! ಕೋಟನ್ನು ಬೇರೆ ಕಡೆ ಅಗ್ಗಕ್ಕೆ ಹೊಲಿಸುತ್ತಿದ್ದಾರೆ ಎಂದೇ ಅವಳ ವಾದ. ನಿವೃತ್ತಳಾದ ಮೇಲೂ ಅದೇ ವಾದ.

ಅಕ್ಕ ನೀರನ್ನೂ ಬಿಟ್ಟ ದಿನ ದೊಡ್ಡಮ್ಮ ಕೊನೆಗೂ ಒಪ್ಪಿದಳು. ಕರೆದೊಯ್ಯಲು ನಾನು ಹೋದಾಗ ಮೆಷಿನ್ ತುಳಿಯುತ್ತಿದ್ದಳು. ಮಡಿಲಲ್ಲಿ ಅದೇ ಉದ್ದ ತೋಳಿನ ಕೋಟು, ಅಕ್ಕನ ಅಳತೆಯದು. ಒಳಗೆ ಅಕ್ಕನದೇ ಹಳೆಯ ಹತ್ತಿ ಅಂಗಿಯ ಲೈನಿಂಗ್.

"ಕಟ್ಟೋದಂತೂ ಕಟ್ತಾರೆ. ಚರ್ಮ ಆದ್ರೂ ಉಳೀಲಿ," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಮತ್ತೆಲ್ಲಿ ಮನಸ್ಸು ಬದಲಿಸಿಬಿಡುತ್ತಾಳೋ ಎಂಬ ದಿಗಿಲಿಗೆ ಕೂಡಲೇ ಇಬ್ಬರನ್ನೂ ಕಾರು ಹತ್ತಿಸಿದೆ. ದಾರಿಯುದ್ದಕ್ಕೂ ಅಕ್ಕನ ಉಸಿರಾಟವನ್ನೇ ಆಲಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮಿಬ್ಬರನ್ನು ಬಿಟ್ಟು ಅಕ್ಕನನ್ನೇ ಮಾತಾಡಿಸಿದರು. ನಿದ್ದೆಯ ಬಗ್ಗೆ, ಗೋಡೆಯ ದನಿಗಳ ಬಗ್ಗೆ ಅವಸರವಿಲ್ಲದೆ ಕೇಳಿದರು. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಚೀಲದಿಂದ ಕೋಟು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅದನ್ನು ಹಿಂದುಮುಂದು ತಿರುಗಿಸಿ ನೋಡಿದರು. ಏನೆಂದೇ ಅವರಿಗೆ ಗೊತ್ತಾಗಲಿಲ್ಲ. ನಾನೇ ಬಿಡಿಸಿ ಹೇಳಬೇಕಾಯಿತು.

"ಇದನ್ನೆಲ್ಲ ಬಿಟ್ಟು ಎಷ್ಟೋ ಕಾಲ ಆಯ್ತಮ್ಮ," ಎಂದರು. "ಈಗ ಡ್ರಿಪ್ ಹಾಕ್ತೀವಿ, ಆಮೇಲೆ ಮಾತ್ರೆ. ನೀವೂ ಇವರ ಜೊತೇಲೇ ಇರಿ."

ದೊಡ್ಡಮ್ಮನ ಮುಖ ಸಡಿಲವಾಯಿತು. ಅಷ್ಟರಲ್ಲಿ ಅಕ್ಕ ಎದ್ದು ನಿಂತಿದ್ದಳು. ಕಣ್ಣು ಮುಚ್ಚಿ, ಕಡ್ಡಿಯಂತಾದ ಎರಡೂ ಕೈಗಳನ್ನು ಅಮ್ಮನ ಮುಂದೆ ಚಾಚಿದ್ದಳು.

"ಹಾಕಮ್ಮ," ಎಂದಳು. "ನೀನೇ ಹೊಲಿದಿದ್ದಲ್ವಾ."

ದೊಡ್ಡಮ್ಮ ಬೇಡ, ಬೇಡ ಎನ್ನುತ್ತ ಆ ಕೈಗಳನ್ನು ಹಿಡಿದು ಕೆಳಗಿಳಿಸಲು ನೋಡಿದಳು. ಅಕ್ಕ ಇಳಿಸಲಿಲ್ಲ.