ಮೂರು ಸಲ ತಿರುಗಿ ಬಂದ ಎಂಜಿನ್

ಬೆಳಗಿನ ಐದೂವರೆ. ಶಹಾಪುರದ ಈ ಓಣಿಗೆ ಹಾಲಿನವನು ಇನ್ನೂ ಬಂದಿಲ್ಲ. ಕಲ್ಪನಾ ಆಗಲೇ ಪಡಸಾಲೆಯ ಮೇಜಿನ ಮುಂದೆ ಕೂತಿದ್ದಾರೆ. ಮೇಜಿನ ಮೇಲೆ ಒಂದು ಮಾರು ಉದ್ದದ ಪುಟ್ಟ ಹಳಿ, ಹಳಿಯ ಮೇಲೆ ಗೇಣುದ್ದದ ಕರಿ ಉಗಿ ಎಂಜಿನ್. ರಿಮೋಟಿನಲ್ಲಿ ಹದಿನೇಳು ಎಂದು ಒತ್ತಿ ಗುಂಡಿ ತಿರುಗಿಸುತ್ತಾರೆ. ದೀಪ ಹತ್ತುತ್ತದೆ, ಗಾಲಿ ಉರುಳುತ್ತವೆ. ಎಂಜಿನ್ ಆ ತುದಿಗೆ ಇಪ್ಪತ್ತು ಸಲ ಹೋಗುತ್ತದೆ, ಈ ತುದಿಗೆ ಇಪ್ಪತ್ತು ಸಲ ಬರುತ್ತದೆ. ಎಲ್ಲೂ ನಿಲ್ಲುವುದಿಲ್ಲ. ಆದರೂ ಕಲ್ಪನಾ ಮುಖದಲ್ಲಿ ಗೆಲುವಿಲ್ಲ.

"ಇಲ್ಲಿ ಹಿಂಗ ಕುದರಿ ಹಂಗ ಓಡ್ತದ್ರಿ. ಯಾದಗಿರಿಗಿ ಹೋದ ಕೂಡ್ಲೇ ನಿಂದರ್ತದ. ಮೂರು ಸಲ ಹೋಗ್ಯಾದ, ಮೂರು ಸಲ ತಿರುಗಿ ಬಂದದ. ಈ ಸಲಾನೂ ನಿಂತ್ರ ಮುಗೀತು, ನಾ ಮತ್ತ ಮೊಬೈಲ್ ಗಾಜು ಬದ್ಲಿ ಮಾಡ್ಕೋತ ಕುಂದರಬೇಕು" ಎನ್ನುತ್ತಾರೆ.

ಶಹಾಪುರಕ್ಕೆ ರೈಲಿಲ್ಲ. ರೈಲು ಬೇಕೆಂದರೆ ಬಸ್ಸು ಹಿಡಿದು ಯಾದಗಿರಿಗೆ ಹೋಗಬೇಕು. ಅಂಥ ಊರಿನಲ್ಲಿ ಕೂತು ಈ ಮೂವತ್ತೊಂಬತ್ತರ ಹೆಣ್ಣುಮಗಳು ಹೈದರಾಬಾದು, ಪುಣೆ, ಬೆಂಗಳೂರಿನ ಹವ್ಯಾಸಿಗಳ ಮಾದರಿ ರೈಲು ಎಂಜಿನ್ನುಗಳಿಗೆ ಮದ್ದು ಮಾಡುತ್ತಾರೆ. ತಿಂಗಳಿಗೆ ಇಪ್ಪತ್ತು, ಕೆಲವೊಮ್ಮೆ ಇಪ್ಪತ್ತೈದು. ಎದುರು ಮನೆಯವರಿಗೂ ಇದು ಗೊತ್ತಿಲ್ಲ. ಗೊತ್ತಿದ್ದ ಒಬ್ಬಿಬ್ಬರು "ಹುಡುಗರ ಆಟಿಗಿ ಸಾಮಾನು ರಿಪೇರಿ" ಎಂದು ನಕ್ಕು ಸುಮ್ಮನಾಗಿದ್ದಾರೆ.

ನಗುವಷ್ಟು ಹಗುರದ ಕೆಲಸವಲ್ಲ ಇದು. ಹಿಂದಿನ ಆಟಿಕೆ ರೈಲಿಗೆ ಹಳಿಯಲ್ಲಿ ಕರೆಂಟು ಬಿಟ್ಟರೆ ಮೇಲಿದ್ದದ್ದೆಲ್ಲ ಒಟ್ಟಿಗೇ ಓಡುತ್ತಿತ್ತು. ಈಗಿನ ಡಿಜಿಟಲ್ ರೈಲಿಗೆ ಶಿಸ್ತು ಬಂದಿದೆ. ಹಳಿಯಲ್ಲಿ ಕರೆಂಟು ಸದಾ ಇರುತ್ತದೆ, ಅದರ ಜೊತೆಗೇ ಹುಕುಮೂ ಹರಿದು ಬರುತ್ತದೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಉಗುರಗಲದ ಒಂದು ಎಲೆಕ್ಟ್ರಾನಿಕ್ ಚಿಪ್ಪು, ಅದಕ್ಕೊಂದು ನಂಬರು. ಮಾಸ್ತರರು ಹಾಜರಿ ಕರೆದಂತೆ, ತನ್ನ ನಂಬರು ಕರೆದಾಗ ಮಾತ್ರ ಅದು ಏಳುತ್ತದೆ. ಆ ಕರೆ ಹಳಿಯಿಂದ ಗಾಲಿಗೆ, ಗಾಲಿಯಿಂದ ಚಿಪ್ಪಿಗೆ ಮುಟ್ಟಬೇಕು. ನಡುವೆ ಕೂದಲೆಳೆಯಷ್ಟು ತಪ್ಪಿದರೂ ಎಂಜಿನ್ ಕಿವುಡಾಗುತ್ತದೆ. ತಪ್ಪಿದ್ದೆಲ್ಲಿ ಎಂದು ಹುಡುಕುವುದೇ ಕಲ್ಪನಾ ಕಸುಬು.

"ಹತ್ತು ಎಂಜಿನ್ ಬಂದ್ರ ಆರಕ್ಕ ಬರೇ ಗಾಲಿ ಹೊಲಸಾಗಿರ್ತಾವ್ರಿ. ಎರಡರ ನಂಬರ್ ಮಾಲಕರೇ ಮರ್ತಿರ್ತಾರ. ಒಂದರಾಗ ವಾಯರ್ ಹರದಿರ್ತದ. ಖರೇವಂದ್ರ ಚಿಪ್ ಸುಟ್ಟದ್ದು ಹತ್ತರಾಗ ಒಂದು." ಹೀಗಾಗಿ ಯಾವ ಎಂಜಿನ್ ಬಂದರೂ ಅವರು ಮೊದಲು ಮಾಡುವುದು ಒಂದೇ. ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಗಾಲಿ ಒರೆಸುವುದು, ಆಮೇಲೆ ಉಳಿದ ಮಾತು. ಬೆಳಗಿನ ಜಾವವೇ ಏಕೆಂದರೆ ಹೊಲದ ಮೋಟಾರುಗಳು ಶುರುವಾಗುವ ತನಕ ಕರೆಂಟು ಏರಿಳಿಯದೆ ಒಂದೇ ಸಮನಾಗಿರುತ್ತದೆ.

ಕಲ್ಪನಾ ಹುಟ್ಟಿದ್ದು ಯಾದಗಿರಿ ಪಕ್ಕದ ಮುದನಾಳದ ಒಕ್ಕಲುತನದ ಮನೆಯಲ್ಲಿ. ಐಟಿಐ ಮುಗಿಸಿ ಶಹಾಪುರಕ್ಕೆ ಸೊಸೆಯಾಗಿ ಬಂದರು. ಗಂಡ ಶರಣಕುಮಾರ ಯಾದಗಿರಿಯ ಕಚೇರಿಯೊಂದರಲ್ಲಿ ಜವಾನ. ಇವರು ಮನೆಯ ಪಡಸಾಲೆಯಲ್ಲೇ ಮೊಬೈಲ್ ರಿಪೇರಿ ಇಟ್ಟುಕೊಂಡಿದ್ದರು. ಏಳು ವರ್ಷದ ಹಿಂದೆ ನಾಗಣ್ಣ ಎಂಬವರು ಫೋನ್ ರಿಪೇರಿಗೆಂದು ಬಂದವರು ಚೀಲದಿಂದ ಒಂದು ಎಂಜಿನ್ ತೆಗೆದು, ಇದನ್ನೂ ನೋಡುತ್ತೀಯಾ ತಂಗಿ ಎಂದು ಕೇಳಿದರು. ಮೂವತ್ತನಾಲ್ಕು ವರ್ಷ ನಿಜವಾದ ರೈಲು ಓಡಿಸಿ ನಿವೃತ್ತರಾಗಿ, ಯಾದಗಿರಿಯ ಮನೆಯ ಮಾಳಿಗೆಯಲ್ಲಿ ಸಣ್ಣ ರೈಲು ಓಡಿಸುವ ಮನುಷ್ಯ. ಕಲ್ಪನಾ ನೋಡಿದರು, ಎಂಜಿನ್ ಓಡಿತು. ನಾಗಣ್ಣ ತಮ್ಮಂಥ ಹವ್ಯಾಸಿಗಳಿಗೆಲ್ಲ ಹೇಳಿದರು. ಅಲ್ಲಿಂದ ಇಂದಿನವರೆಗೆ ಬಂದ ಕೆಲಸವೆಲ್ಲ ಅವರೊಬ್ಬರ ಬಾಯಿಮಾತಿನಿಂದ ಬಂದದ್ದು.

ಕಲಿಯುವಾಗ ಪೆಟ್ಟು ತಿಂದದ್ದೂ ಅದೇ ಮಾಳಿಗೆಯಲ್ಲಿ. ಒಂದು ಎಂಜಿನ್ನಿನ ನಂಬರು ಬದಲಿಸಬೇಕಿತ್ತು. ಉಳಿದವನ್ನು ಹಳಿಯಿಂದ ಇಳಿಸದೆಯೇ ಬದಲಿಸಿಬಿಟ್ಟರು. ಹಳಿಯ ಮೇಲಿದ್ದ ಹನ್ನೊಂದೂ ಅದೇ ನಂಬರು ಹಿಡಿದವು. ಒಂದನ್ನು ಕರೆದರೆ ಹನ್ನೊಂದು ಎದ್ದವು, ಎರಡು ಮುಖಾಮುಖಿ ಡಿಕ್ಕಿ ಹೊಡೆದವು. "ಕಾಕಾ ಯಾರ ಮುಂದೂ ಹೇಳಲಿಲ್ರಿ. ಅವರ ಮುಂದ ಇನ್ನೊಮ್ಮಿ ತೆಲಿ ತಗ್ಗಿಸಬಾರದಂತ ಅವತ್ತೇ ಅಂದ್ಕೊಂಡೀನಿ" ಎನ್ನುತ್ತಾರೆ.

ಈ ಹದಿನೇಳನೇ ನಂಬರಿನ ಉಗಿ ಎಂಜಿನ್ ಆ ನಾಗಣ್ಣನವರದು. ಹೊಸದಾಗಿ ಕೊಂಡು, ಚಿಪ್ಪು ಕೂರಿಸಲೆಂದು ಎರಡು ತಿಂಗಳ ಹಿಂದೆ ಕಳಿಸಿದ್ದರು. ಅಂದಿನಿಂದ ಇದೇ ಆಟ. ತಿರುಗಿ ಬಂದಾಗಲೆಲ್ಲ ಕಲ್ಪನಾ ಗಾಲಿ ಒರೆಸುತ್ತಾರೆ, ಹತ್ತಿಕಡ್ಡಿಗೆ ಬಿಳಿ ಕೊಳೆ ಹತ್ತುತ್ತದೆ. ಮಾಳಿಗೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದಾರೆ, ಅದರ ಧೂಳು ಎಂದುಕೊಂಡು ಮುಂದೆ ಹೋಗುತ್ತಾರೆ. ವಾಯರು ಬದಲಿಸಿದರು. ಚಿಪ್ಪನ್ನು ಎರಡು ಸಲ ಬದಲಿಸಿದರು. ಇಲ್ಲಿ ಓಡುತ್ತದೆ, ಅಲ್ಲಿ ಎರಡು ಸುತ್ತು ಹಾಕಿ ಮಿಣುಕಿ ನಿಲ್ಲುತ್ತದೆ. ಕಳೆದ ವಾರ ನಾಗಣ್ಣ ಫೋನಿನಲ್ಲಿ ಮೆಲ್ಲಗೆ ಹೇಳಿದರು: "ಬ್ಯಾಸರ ಮಾಡ್ಕೋಬ್ಯಾಡವ್ವ. ಈ ಸಲ ನಿಂತ್ರ ಎಲ್ಲಾ ಎಂಜಿನ್ ಹೈದರಾಬಾದಿಗಿ ಕಳಿಸಿಬಿಡ್ತೀನಿ." ನಾಗಣ್ಣ ಹೋದರೆ ಅವರ ಮಾತು ನಂಬಿ ಬಂದವರೂ ಹೋಗುತ್ತಾರೆ. ಅದಕ್ಕೇ ಈ ಸಲ ಡಬ್ಬಿಯನ್ನು ಗಂಡನ ಕೈಯಲ್ಲಿ ಕೊಡದೆ ಕಲ್ಪನಾ ತಾವೇ ಹೊರಟಿದ್ದಾರೆ.

ಏಳು ಗಂಟೆಗೆ ಎಂಜಿನ್ನನ್ನು ಡಬ್ಬಿಯಲ್ಲಿಟ್ಟು ಸ್ನಾನಕ್ಕೆ ಹೋಗುತ್ತಾರೆ. ಬಂದು ನೋಡಿದರೆ ಅತ್ತೆ ಅನ್ನಮ್ಮ ಮೇಜಿನ ಬಳಿ ಡಬ್ಬಿ ತೆರೆದುಕೊಂಡು ನಿಂತಿದ್ದಾರೆ. ಲಿಂಗಪೂಜೆ ಮುಗಿಸಿದ ಮೇಲೆ ಹೊಸ್ತಿಲಿಗೆ, ಒಲೆಗೆ, ಮಗನ ಬೈಕಿಗೆ ವಿಭೂತಿ ಹಚ್ಚುವುದು ಅವರ ನಿತ್ಯದ ಪದ್ಧತಿ. ಈಗ ಮೂರು ಬೆರಳಿನಿಂದ ಎಂಜಿನ್ನಿನ ದೊಡ್ಡ ಗಾಲಿಗಳಿಗೆ ಒಂದೊಂದಾಗಿ ಎಳೆಯುತ್ತಿದ್ದಾರೆ.

"ಅತ್ತಿ, ಏನ್ ಮಾಡಾಕತ್ತೀರಿ?"

"ಮೂರು ಸಲ ತಿರುಗಿ ಬಂತಲ್ಲವ್ವ. ಬರೇ ಈಬತ್ತಿ ಉದುರಿ ಹೋಗ್ತಿರಬೇಕಂತ ಈ ಸಲ ಎಣ್ಣಿ ಕಲಸೀನಿ. ಗಟ್ಟ್ಯಾಗಿ ಹಿಡೀಲಿ."

"ಪ್ರತಿ ಸಲಾನೂ ಹಚ್ಚೀರೇನು?"

"ಹಚ್ಚಲಾರದ ಬಿಡ್ತೀನಾ? ಬರೋದು ಹೆಚ್ಚಾದಂಗ ಹಚ್ಚೋದೂ ಹೆಚ್ಚು ಮಾಡೀನಿ."

"ಬ್ಯಾರೆ ಎಂಜಿನ್ನಿಗಿ?"

"ಅವುಕ್ಕ ಗಾಲಿ ಎಲ್ಲಿ ಕಾಣ್ತಾವ? ತೆಲಿ ಮ್ಯಾಲ ಒಂದು ಬಟ್ಟು ಇಡ್ತೀನಿ. ಇದರವು ನೋಡು, ಬಂಡಿ ಗಾಲಿ ಹಂಗ ಹೊರಗೇ ಅದಾವ."

ಕಲ್ಪನಾ ಗಾಲಿಗೆ ಬೆರಳೊತ್ತಿ ನೋಡುತ್ತಾರೆ, ಹತ್ತಿಕಡ್ಡಿಗೆ ಹತ್ತುತ್ತಿದ್ದ ಅದೇ ಬಿಳಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ. ಬೂದಿಯ ಪದರ ಹಳಿಗೂ ಗಾಲಿಗೂ ನಡುವೆ ಕೂತು ಕರೆಯನ್ನು ತಡೆಯುತ್ತಿತ್ತು. ತಿರುಗಿ ಬಂದಾಗ ಮೊದಲ ಕೆಲಸವಾಗಿ ಅದನ್ನು ತಾವೇ ಒರೆಸಿ, ಸಾಕ್ಷಿ ಅಳಿಸಿ, ಆಮೇಲೆ ತಪ್ಪು ಹುಡುಕಲು ಕೂರುತ್ತಿದ್ದರು. ಒಂದು ಗಳಿಗೆ ಅತ್ತೆಯ ಮೇಲೆ ಸಿಟ್ಟು ನೆತ್ತಿಗೇರಿದ್ದು ನಿಜ. ಈ ಕೆಲಸವನ್ನು ಮೊದಮೊದಲು ಆಟಿಕೆ ಎಂದು ಬೈದವರೂ ಇದೇ ಅನ್ನಮ್ಮ. ಆದರೆ ಎಣ್ಣೆಯ ಬಟ್ಟಲು ಹಿಡಿದು ನಿಂತ ಮುದುಕಿಯನ್ನು ನೋಡಿ ದನಿ ಎತ್ತಲಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು. ಅನ್ನಮ್ಮ ಬೆರಳು ನೋಡಿಕೊಂಡು, "ನನ್ನ ಕೈಲೆ ಕೆಟ್ಟಿತೇನು?" ಎಂದಷ್ಟೇ ಕೇಳಿ ಒಳಗೆ ಹೋದರು.

ಗಾಲಿಯ ಎಣ್ಣೆ, ಬೂದಿ ಒರೆಸಿ ಹೊರಟರೆ ಹತ್ತೂವರೆಗೆ ಯಾದಗಿರಿ. ಕಲ್ಪನಾ ಎಂಜಿನ್ ಹೊರಗೆ ತೆಗೆಯುವ ಮೊದಲೇ ನಾಗಣ್ಣನ ಮುಂದೆ ಎಲ್ಲವನ್ನೂ ಹೇಳಿಬಿಡುತ್ತಾರೆ. ತಪ್ಪನ್ನು ಚಿಪ್ಪಿನ ಮೇಲೆ ಹಾಕಬಹುದಿತ್ತು, ಹಾಕುವುದಿಲ್ಲ. "ತಪ್ಪು ನಮ್ಮ ಮನ್ಯಾಗಿಂದು ಕಾಕಾ. ಬಿಳೇದು ಏನಂತ ನಾ ಒಮ್ಮ್ಯಾರ ಬೆರಳಿಗಿ ಹಚ್ಚಿ ನೋಡಬೇಕಿತ್ತು."

ನಾಗಣ್ಣ ಕನ್ನಡಕ ತೆಗೆಯುತ್ತಾರೆ. "ಈಬತ್ತಿ ನಾ ಕಂಡೀನಲ್ಲವ್ವ, ಪ್ರತಿ ಸಲಾನೂ! ಗಾಡಿಗಿ ಈಬತ್ತಿ ಇರೋದ ಅಲ್ಲೇನು ಅಂತ ಕೈಮುಗಿದು ಹಳಿ ಮ್ಯಾಲ ಇಟ್ಟೀನಿ. ದಸರಾದಾಗ ನಾವು ದೊಡ್ಡ ಎಂಜಿನ್ನಿನ ಗಾಲಿಗೇ ಹಚ್ತಿದ್ವಿ. ನೂರು ಟನ್ನಿಂದು, ಅದಕ್ಕೇನಾಗ್ತದ?" ಎಂದು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಕಲ್ಪನಾಗೆ ನಗು ಬರುವುದಿಲ್ಲ. ಬೂದಿ ಹಳಿಗೂ ಮೆತ್ತಿಕೊಂಡಿದೆ. ಎರಡು ತಾಸು ಮಾಳಿಗೆಯಲ್ಲಿ ಮಂಡಿಯೂರಿ, ಅರವತ್ತು ಅಡಿ ಹಳಿಯನ್ನು ಗೇಣು ಗೇಣಾಗಿ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸುತ್ತಾರೆ. ಆಮೇಲೆ ಹದಿನೇಳು ಎಂದು ಒತ್ತುತ್ತಾರೆ.

ಎರಡು ಸುತ್ತು ಆಗುತ್ತದೆ. ಮೂರನೆಯದೂ ಆಗುತ್ತದೆ. ಹತ್ತರ ಮೇಲೆ ಯಾರೂ ಎಣಿಸುವುದಿಲ್ಲ. ನಾಗಣ್ಣ ಶಹಬ್ಬಾಸ್ ಎನ್ನುವ ಪೈಕಿಯವರಲ್ಲ. ಮೂಲೆಯಲ್ಲಿ ಹೈದರಾಬಾದಿಗೆಂದು ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಯ ಹಗ್ಗ ಬಿಚ್ಚಿ, ಒಳಗಿನ ಎಂಜಿನ್ನುಗಳನ್ನು ಒಂದೊಂದಾಗಿ ತೆಗೆದು ಕಪಾಟಿಗೆ ಇಡುತ್ತಾರೆ. ಕಲ್ಪನಾ ಅದನ್ನು ನೋಡಿಯೂ ನೋಡದವರಂತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಸಂಜೆ ಮನೆಗೆ ಬಂದಾಗ ಅನ್ನಮ್ಮ ಬಾಗಿಲಲ್ಲೇ ಇದ್ದರು. ಓಡಿತು ಎಂದು ಕೇಳಿ ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಪುಣೆಗೆ ಹೋಗುವ ಎಂಜಿನ್ ಮೇಜಿನ ಮೇಲಿತ್ತು. ಪೂಜೆ ಮುಗಿಸಿದ ಅನ್ನಮ್ಮ ವಿಭೂತಿ ತಟ್ಟೆ ಹಿಡಿದು ಬಂದು, ಮೇಜಿನಿಂದ ಒಂದು ಹೆಜ್ಜೆ ಹಿಂದೆಯೇ ನಿಂತು ಕೇಳಿದರು: "ಇದಕ್ಕ ಎಲ್ಲಿ ಹಚ್ಚಲಿ? ನೀ ಹೇಳು." ಕಲ್ಪನಾ ಡಬ್ಬಿಯ ಮುಚ್ಚಳ ಮುಂದೆ ಹಿಡಿದರು.

"ಎಂಜಿನ್ ಓಡಿದ್ದಕ್ಕ ಖುಷಿ ಆತ್ರಿ, ಸುಳ್ಳ್ಯಾಕ ಹೇಳ್ಲಿ" ಎನ್ನುತ್ತಾರೆ ಕಲ್ಪನಾ, ಮುಂದಿನ ಎಂಜಿನ್ನಿನ ಗಾಲಿಯನ್ನು ಬೆಳಕಿಗೆ ಹಿಡಿದು ನೋಡುತ್ತ. "ಆದ್ರ ಈ ಏಳು ವರ್ಷದಾಗ, ನನ್ನ ಕೆಲಸದಾಗ ನನಗ ಕೇಳಿ ಅತ್ತಿ ಮಾಡಿದ್ದು ಇದ ಮೊದಲ್ರಿ."